ಲೆಕ್ಸಸ್ ಕಾರು: ಒಡೆಯರು ಕಂಡ ಬಾಳಿಕೆ

ನಮ್ಮ ಹಿರಿಯರು ಎತ್ತು ಕೊಳ್ಳಲು ಸಂತೆಗೆ ಹೋದಾಗ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಗೊರಸು ಪರೀಕ್ಷಿಸುತ್ತಿದ್ದರು. ಇಷ್ಟೆಲ್ಲ ಆದ ಮೇಲೆಯೂ ‘ಇದು ಯಾರ ಕೊಟ್ಟಿಗೆಯ ಎತ್ತು?’ ಎಂದು ಕೇಳದೆ ಹಣ ಎಣಿಸುತ್ತಿರಲಿಲ್ಲ. ಮೋಟಾರು ವಾಹನದ ವಿಷಯ ಬಂದೊಡನೆ ಅದೇ ಮನೆತನಗಳವರು ಈ ಪ್ರಶ್ನೆಯನ್ನು ಮರೆತು ಕಂಪನಿಯ ಹೆಸರೊಂದನ್ನೇ ನೋಡುವುದನ್ನು ನಾವು ಬಹಳ ಕಡೆ ಕಂಡಿದ್ದೇವೆ. ನಮ್ಮ ಮನೆಯಲ್ಲಿಯೇ ಹಾಗಾಗಲಿದ್ದ ಪ್ರಸಂಗವೊಂದನ್ನೂ, ಆ ನೆಪದಲ್ಲಿ ನಾವು ತಿಳಿದುಕೊಂಡ ಒಂದು ಪ್ರಸಿದ್ಧ ಕಾರಿನ ವೃತ್ತಾಂತವನ್ನೂ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

2011ರ ಬೇಸಿಗೆಯಲ್ಲಿ ನಾವು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ನಮ್ಮ ಅಣ್ಣನ ಮಗನ ಮನೆಯಲ್ಲಿದ್ದೆವು. ಮನೆಯಲ್ಲಿದ್ದುದು ಒಂದೇ ಚಿಕ್ಕ ಕಾರು. ಅದೂ ಹಳೆಯದಾಗಿತ್ತು. ಸೊಸೆ ದಿನವೂ ನಲವತ್ತು ಮೈಲಿ ದೂರದ ಕೆಲಸಕ್ಕೆ ಅದರಲ್ಲಿಯೇ ಹೋಗಿಬರುತ್ತಿದ್ದಳು, ಮತ್ತು ಆಕೆ ಆಗ ಐದು ತಿಂಗಳ ಗರ್ಭಿಣಿ. ಹೆದ್ದಾರಿಯಲ್ಲಿ ನಡುವೆ ನಿಲ್ಲದ, ಮೈಗಟ್ಟಿನ ದೊಡ್ಡ ಕಾರೊಂದು ಬೇಕೆಂಬುದು ಗಂಡಹೆಂಡಿರಿಬ್ಬರ ಬಯಕೆ. ಕೈಯಲ್ಲಿದ್ದುದು ಏಳು ಸಾವಿರ ಡಾಲರ್. ಅದರಲ್ಲಿ ಹೆರಿಗೆಯ ಖರ್ಚಿಗೆಂದು ತೆಗೆದಿರಿಸಿದ ಭಾಗವೂ ಸೇರಿತ್ತು.

ಹುಡುಗನ ಕಣ್ಣಿಗೆ ಬಿದ್ದದ್ದು ಹಳೆಯ ಕಾರುಗಳ ವ್ಯಾಪಾರಿಯೊಬ್ಬನ ಅಂಗಳದಲ್ಲಿ ನಿಂತಿದ್ದ 1998ರ ಲೆಕ್ಸಸ್ ಎಲ್‌ಎಸ್ 400. ಮುತ್ತಿನಂಥ ಬಿಳಿ ಬಣ್ಣ, ಒಳಗೆ ತೊಗಲಿನ ಆಸನಗಳು, ಓಡಿದ ದೂರ 1,38,000 ಮೈಲಿ, ಬೆಲೆ ಆರೂವರೆ ಸಾವಿರ. “ಕಾಕಾ, ಈ ಗಾಡಿ ಕೆಡೂದೇ ಇಲ್ಲ ಅಂತಾರ್ರಿ. ಎಲ್ಲಾರೂ ಅದನ್ನ ಹೇಳ್ತಾರ,” ಎಂದು ಅವನು ನಮ್ಮನ್ನು ಒಪ್ಪಿಸಲು ನೋಡಿದ. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಿಂದ ಅಣ್ಣನೂ ದೂರವಾಣಿಯಲ್ಲಿ, “ಹೆಸರಿದ್ದ ಗಾಡಿ ಐತಿ, ತಗೊಳ್ಳಲಿ ಬಿಡೋ,” ಎಂದುಬಿಟ್ಟ. ನಾವು ಬಹುಕಾಲ ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಪಾಠ ಹೇಳಿದವರಾದುದರಿಂದ ಅಷ್ಟು ಬೇಗ ತಲೆಯಾಡಿಸಲು ಮನಸ್ಸು ಬರಲಿಲ್ಲ. ಎರಡು ವಾರದ ಗಡುವು ಕೇಳಿಕೊಂಡೆವು.

ಹುಡುಗನ ಮಾತು ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. 1983ರಲ್ಲಿ ಟೊಯೋಟಾ ಸಂಸ್ಥೆಯ ಅಧ್ಯಕ್ಷರಾಗಿದ್ದ ಐಜಿ ಟೊಯೋಡಾ ಅವರು ಜಗತ್ತಿನ ಅತ್ಯುತ್ತಮ ಕಾರುಗಳಿಗೆ ಸರಿಗಟ್ಟುವ ಕಾರೊಂದನ್ನು ನಾವು ಕಟ್ಟಬಲ್ಲೆವೇ ಎಂಬ ಪ್ರಶ್ನೆಯನ್ನು ತಮ್ಮವರ ಮುಂದಿಟ್ಟರು. ಜರ್ಮನಿಯ ಕಾರುಗಳು ಅಮೆರಿಕದ ಶ್ರೀಮಂತರ ಅಂಗಳವನ್ನು ಆಳುತ್ತಿದ್ದ ಕಾಲ ಅದು. ಇಚಿರೊ ಸುಜುಕಿ ಎಂಬ ಮುಖ್ಯ ಎಂಜಿನಿಯರರ ಕೈಕೆಳಗೆ ಸಾವಿರದ ನಾನೂರು ಎಂಜಿನಿಯರರು ದುಡಿದರು. ಸುಮಾರು 450 ಮಾದರಿ ಕಾರುಗಳನ್ನು ಕಟ್ಟಿ ಪರೀಕ್ಷಿಸಿದರು. ಖರ್ಚು ನೂರು ಕೋಟಿ ಡಾಲರನ್ನು ಮೀರಿತು. 1989ರ ಜನವರಿಯಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಎಲ್‌ಎಸ್ 400 ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂದಿತು. ಜಪಾನಿನಲ್ಲಿ ಇದೇ ಕಾರಿಗೆ ಟೊಯೋಟಾ ಸೆಲ್ಸಿಯರ್ ಎಂದು ಹೆಸರು.

ನಾಲ್ಕು ಲೀಟರಿನ, ಎಂಟು ಸಿಲಿಂಡರಿನ, 250 ಅಶ್ವಶಕ್ತಿಯ ಎಂಜಿನ್ನು ಅದರದು. ಕಾರಿನ ಮುಂಭಾಗದ ಮೇಲೆ ಗಾಜಿನ ಲೋಟಗಳನ್ನು ಗೋಪುರದಂತೆ ಪೇರಿಸಿ, ಚಕ್ರಗಳನ್ನು ಉರುಳೆಗಳ ಮೇಲೆ ಭರದಿಂದ ಓಡಿಸಿ, ಒಂದು ಲೋಟವೂ ಬೀಳದುದನ್ನು ತೋರಿಸಿದ ಜಾಹೀರಾತು ಆ ದಿನಗಳಲ್ಲಿ ಮನೆಮಾತಾಯಿತು. (ಲೋಟದಲ್ಲಿದ್ದ ಪಾನೀಯದ ಮಾತು ನಮಗೆ ಬೇಡ.)

ಆದರೆ ಒಡೆಯರ ವಿಶ್ವಾಸ ಗಟ್ಟಿಯಾದದ್ದು ಜಾಹೀರಾತಿನಿಂದಲ್ಲ, ಒಂದು ದೋಷದಿಂದ. ಮಾರಾಟ ಆರಂಭವಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಹಿಂಬದಿಯ ಎತ್ತರದ ಬ್ರೇಕ್ ದೀಪ ಅತಿಯಾಗಿ ಬಿಸಿಯಾಗುವುದೆಂದೂ, ವೇಗವನ್ನು ತಾನಾಗಿ ಕಾಯುವ ಕ್ರೂಸ್ ಕಂಟ್ರೋಲ್ ಸರಿಯಾಗಿ ಬಿಡುಗಡೆಯಾಗುವುದಿಲ್ಲವೆಂದೂ ಬೆರಳೆಣಿಕೆಯ ದೂರುಗಳು ಬಂದವು. ಆ ಹೊತ್ತಿಗೆ ಮಾರಾಟವಾಗಿದ್ದುದು ಸುಮಾರು 8,000 ಕಾರು. 1989ರ ಡಿಸೆಂಬರಿನಲ್ಲಿ ಕಂಪನಿಯವರು ಅಷ್ಟನ್ನೂ ಹಿಂದಕ್ಕೆ ಕರೆದರು. ಒಡೆಯರೇ ಗ್ಯಾರೇಜಿಗೆ ತರಲಿ ಎಂದು ಕಾಯದೆ ಕೆಲಸಗಾರರೇ ಮನೆಗೆ ಹೋಗಿ ಕಾರನ್ನು ಒಯ್ದರು; ಮಾರಾಟಗಾರರಿಲ್ಲದ ದೂರದ ಊರುಗಳಿಗೆ ವಿಮಾನದಲ್ಲಿ ಹೋಗಿ, ಅಲ್ಲಿಯೇ ಗ್ಯಾರೇಜು ಬಾಡಿಗೆ ಹಿಡಿದು ದುರಸ್ತಿ ಮಾಡಿದರು. ಇಪ್ಪತ್ತು ದಿನಗಳಲ್ಲಿ ಕೆಲಸ ಮುಗಿಯಿತು. ಕಾರನ್ನು ಮರಳಿಸುವಾಗ ತೊಳೆದು, ಪೆಟ್ರೋಲ್ ತುಂಬಿಸಿ ಕೊಟ್ಟರೆಂಬುದನ್ನು ಹಳೆಯ ಒಡೆಯರು ಇಂದಿಗೂ ನೆನೆಯುತ್ತಾರೆ. ಕಟ್ಟಿದವನು ತನ್ನ ತಪ್ಪನ್ನು ತಾನೇ ಹುಡುಕಿಕೊಂಡು ಬಂದದ್ದು ಜನಕ್ಕೆ ಹೊಸದಾಗಿತ್ತು.

ಮುಂದೆ ಜೆ. ಡಿ. ಪವರ್ ಎಂಬ ಅಮೆರಿಕದ ಸಮೀಕ್ಷಾ ಸಂಸ್ಥೆಯ ಬಾಳಿಕೆಯ ಪಟ್ಟಿಯಲ್ಲಿ ಲೆಕ್ಸಸ್ ಹೆಸರು 1990ರ ದಶಕದ ನಡುವಿನಿಂದ ಹಲವು ವರ್ಷ ಮೊದಲ ಸ್ಥಾನದಲ್ಲಿ ನಿಂತಿತು. ಡಲ್ಲಾಸಿನ ವ್ಯಾಪಾರಿ ನಮ್ಮ ಮುಂದೆ ಹಿಡಿದದ್ದೂ ಈ ಕೀರ್ತಿಯನ್ನೇ. ಆ ಸಮೀಕ್ಷೆ ನಡೆಯುವ ಬಗೆಯನ್ನು ಓದಿ ನೋಡಿದಾಗ ನಮಗೆ ವಿಷಯ ಸ್ಪಷ್ಟವಾಯಿತು. ಕೆಲವೇ ವರ್ಷ ಹಳೆಯದಾದ ಕಾರಿನ ಮೊದಲ ಒಡೆಯರನ್ನು ಕೇಳಿ, ಕಳೆದ ಹನ್ನೆರಡು ತಿಂಗಳಲ್ಲಿ ನೂರು ಕಾರಿಗೆ ಎಷ್ಟು ತೊಂದರೆ ಎಂದು ಲೆಕ್ಕ ಹಾಕುತ್ತಾರೆ. ಹದಿಮೂರು ವರ್ಷದ ಕಾರಿನ ಮೂರನೆಯ ಒಡೆಯನನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಹುಡುಗ ಆಗಲಿದ್ದುದು ಆ ಮೂರನೆಯ ಒಡೆಯನೇ.

ಅಂಥ ಒಡೆಯರ ಅನುಭವ ಬೇರೆಯೇ ಇರುತ್ತದೆ. ಎಲ್‌ಎಸ್ 400ನ್ನು ಬಹುಕಾಲ ಇಟ್ಟುಕೊಂಡವರೆಲ್ಲ ಬಲ್ಲ ಕೆಲವು ದೌರ್ಬಲ್ಯಗಳಿವೆ. ಮೊದಲ ಮಾದರಿಗಳಲ್ಲಿ ಪವರ್ ಸ್ಟಿಯರಿಂಗ್ ಪಂಪಿನಿಂದ ಎಣ್ಣೆ ತೊಟ್ಟಿಕ್ಕಿ ಕೆಳಗಿರುವ ಆಲ್ಟರ್ನೇಟರಿನ ಮೇಲೆ ಬೀಳುತ್ತದೆ. ಪಂಪಿನ ಚಿಕ್ಕ ಸೋರಿಕೆಯನ್ನು ಅಲಕ್ಷಿಸಿದವನು ಎರಡನ್ನೂ ಬದಲಿಸಬೇಕಾಗುತ್ತದೆ. ವೇಗ ತೋರಿಸುವ ಮುಳ್ಳುಗಳ ಬೆಳಕು ಕಾಲಾನಂತರದಲ್ಲಿ ಆರುತ್ತದೆ. ಎಂಜಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಳಗಿನ ಕೆಪಾಸಿಟರುಗಳು ಹಳೆಯ ಕಾರುಗಳಲ್ಲಿ ರಸ ಬಿಡುತ್ತವೆ. ಸ್ಟಾರ್ಟರ್ ಮೋಟಾರನ್ನು ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ, ಗಾಳಿಯ ಕೊಳವೆಗಳ ಅಡಿಯಲ್ಲಿ ಇಟ್ಟಿರುವುದರಿಂದ ಸಾಮಾನ್ಯ ಕಾರಿನಲ್ಲಿ ಒಂದು ಗಂಟೆಯ ಕೆಲಸಕ್ಕೆ ಇಲ್ಲಿ ದಿನವೇ ಹಿಡಿಯುತ್ತದೆ. ಕೂಲಿಯೂ ಅದಕ್ಕೆ ತಕ್ಕಂತೆ. ಇವು ಯಾವುವೂ ಕಾರಿನ ಪ್ರಾಣ ತೆಗೆಯುವ ದೋಷಗಳಲ್ಲ. ಒಡೆಯನ ಕಿಸೆಯನ್ನು ಮಾತ್ರ ಪರೀಕ್ಷಿಸುತ್ತವೆ.

ಪ್ರಾಣ ತೆಗೆಯುವಂಥದು ಒಂದಿದೆ: ಟೈಮಿಂಗ್ ಬೆಲ್ಟ್. ಎಂಜಿನ್ನಿನೊಳಗೆ ಪಿಸ್ಟನ್ನುಗಳು ಮೇಲೇರಿ ಇಳಿಯುವುದಕ್ಕೂ ಕವಾಟಗಳು ತೆರೆದು ಮುಚ್ಚುವುದಕ್ಕೂ ಹೊಂದಿಕೆ ತಪ್ಪದಂತೆ ಹಿಡಿದಿರುವುದು ರಬ್ಬರಿನ ಈ ಹಲ್ಲುಪಟ್ಟಿ. ತೊಂಬತ್ತು ಸಾವಿರ ಮೈಲಿಗೆ, ಎಂದರೆ ಹೆಚ್ಚುಕಡಿಮೆ 1,45,000 ಕಿಲೋಮೀಟರಿಗೆ, ಅದನ್ನು ಬದಲಿಸಬೇಕೆಂಬುದು ನಿಯಮ. ಅದೇ ಪಟ್ಟಿ ನೀರಿನ ಪಂಪನ್ನೂ ತಿರುಗಿಸುವುದರಿಂದ ತಿಳಿದವರು ಎರಡನ್ನೂ ಒಟ್ಟಿಗೆ ಹೊಸದು ಹಾಕಿಸುತ್ತಾರೆ. ಮೊದಲ ವರ್ಷಗಳ ಎಂಜಿನ್ನುಗಳಲ್ಲಿ ಪಟ್ಟಿ ಹರಿದರೆ ಕಾರು ನಿಲ್ಲುತ್ತಿತ್ತು, ಅಷ್ಟೆ. 1998ರಲ್ಲಿ ಕವಾಟಗಳ ಕಾಲವನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಹೊಸ ಏರ್ಪಾಡು ಬಂದು ಶಕ್ತಿ 290ಕ್ಕೆ ಏರಿತು; ಅಂಥ ಎಂಜಿನ್ನಿನಲ್ಲಿ ಪಟ್ಟಿ ಹರಿದರೆ ಪಿಸ್ಟನ್ನು ಕವಾಟಕ್ಕೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಹುಡುಗ ಮೆಚ್ಚಿದ್ದು 1998ರದು.

ವ್ಯಾಪಾರಿಯ ಬಳಿ ಸರ್ವಿಸ್ ಪುಸ್ತಕ ಕೇಳಿದೆವು. ಪುಸ್ತಕವಿತ್ತು, ಆದರೆ ಅರವತ್ತು ಸಾವಿರ ಮೈಲಿಯ ನಂತರದ ಪುಟಗಳೆಲ್ಲ ಖಾಲಿ. ನೂರು ಡಾಲರ್ ಕೊಟ್ಟು ಬೇರೆ ಗ್ಯಾರೇಜಿನ ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸೋಣವೆಂದರೆ ಹುಡುಗನಿಗೆ ಮೊದಲು ಮುಜುಗರವಾಯಿತು. ಮೆಕ್ಸಿಕೋ ಮೂಲದ ಆ ಮೆಕ್ಯಾನಿಕ್ಕು ಮಾತು ಕಡಿಮೆಯ ಮನುಷ್ಯ. ಬೆಲ್ಟ್ ಬದಲಿಸಿದವರು ದಿನಾಂಕ ಮತ್ತು ಮೈಲಿ ಬರೆದು ಎಂಜಿನ್ನಿನ ಬಳಿ ಚೀಟಿ ಅಂಟಿಸುವುದು ವಾಡಿಕೆ. ಅವನು ಚೀಟಿ ಹುಡುಕಿದ, ಸಿಗಲಿಲ್ಲ. ಮೇಲಿನ ಮುಚ್ಚಳ ಬಿಚ್ಚಿ ದೀಪ ಹಿಡಿದು ನಮ್ಮನ್ನೇ ಕರೆದು ತೋರಿಸಿದ: ಪಟ್ಟಿಯ ಬೆನ್ನಿನ ಮೇಲೆ ಒಣಗಿದ ಕೆರೆಯಂಗಳದಂತೆ ಬಿರುಕುಗಳು. ಬದಲಿಸಬೇಕಾದ ದೂರವನ್ನು ದಾಟಿ ನಲವತ್ತೆಂಟು ಸಾವಿರ ಮೈಲಿ ಓಡಿದ್ದ ಪಟ್ಟಿ ಅದು. ಹಿಂದಿನ ಒಡೆಯ ಕಾರಿನ ಒಳ್ಳೆಯ ಗುಣವನ್ನೇ ನಂಬಿ ಅದಕ್ಕೆ ಏನನ್ನೂ ಮಾಡದೆ ಓಡಿಸಿದ್ದನೆಂಬುದು ಸ್ಪಷ್ಟವಾಗಿತ್ತು. ವ್ಯಾಪಾರಿ ಹೊಸ ಟೈರು ಹಾಕಿಸಿದ್ದ, ಬಣ್ಣಕ್ಕೆ ಮೆರುಗು ಕೊಡಿಸಿದ್ದ, ಅಷ್ಟೆ. ಬೆಲ್ಟ್, ಪಂಪು, ಮುಂದಿನ ಚಕ್ರಗಳ ಕೀಲುಗಳು ಎಲ್ಲ ಸೇರಿ ಮೂರು ಸಾವಿರ ಡಾಲರಿಗೆ ಕಡಿಮೆಯಿಲ್ಲವೆಂದು ಮೆಕ್ಯಾನಿಕ್ಕು ಚೀಟಿ ಬರೆದುಕೊಟ್ಟ.

ಆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಮಾತು ಬಿಗಿಯಾಗಿತ್ತು. ಹುಡುಗನಿಗೆ ಇನ್ನೂ ಆಸೆ. ಬೆಲ್ಟ್ ಮುಂದೆ ಹಾಕಿಸೋಣ, ಸದ್ಯಕ್ಕೆ ಕೊಳ್ಳೋಣ ಎಂದ. ಸೊಸೆಯೇ, “ಮಾವಾರ, ಹೆರಿಗೆ ರೊಕ್ಕ ಇದಕ್ಕ ಹಾಕೂದು ಬ್ಯಾಡ್ರಿ. ಆ ಗಾಡಿ ನಡುದಾರ್ಯಾಗ ನಿಂತ್ರ ಒಳಗ ಕುಂತಿರಾಕಿ ನಾನ,” ಎಂದಳು. ಮರುದಿನ ಹುಡುಗ ವ್ಯಾಪಾರಿಗೆ ಬೇಡವೆಂದು ತಿಳಿಸಿದ. ಎರಡು ದಿನ ನಮ್ಮೊಡನೆಯೂ ಸರಿಯಾಗಿ ಮಾತನಾಡಲಿಲ್ಲವೆಂಬುದನ್ನು ಬರೆದರೆ ಅವನು ಬೇಸರಿಸಲಾರ.

ಏಳು ವಾರದ ನಂತರ ಅದೇ ಮಾದರಿಯ 1999ರ ಕಾರೊಂದು ಮಾರಾಟಕ್ಕಿರುವುದು ತಿಳಿಯಿತು. ಮಾರುತ್ತಿದ್ದವರು ನಿವೃತ್ತ ಶಾಲಾ ಶಿಕ್ಷಕಿ, ವಿಧವೆ. ಕಾರು ತೀರಿಹೋದ ಪತಿಯದು. ಓಡಿದ್ದು 1,61,000 ಮೈಲಿ, ಹಿಂದೆ ನೋಡಿದ್ದಕ್ಕಿಂತ ಹೆಚ್ಚು. ಬಣ್ಣ ಮಾಸಿತ್ತು, ಚಾಲಕನ ಆಸನದ ಅಂಚು ಹರಿದಿತ್ತು. ಆದರೆ ಆ ತಾಯಿ ಅಡುಗೆಮನೆಯ ಕಪಾಟಿನಿಂದ ತೆಗೆದುಕೊಟ್ಟ ದಪ್ಪ ಕಡತದಲ್ಲಿ ಹನ್ನೆರಡು ವರ್ಷದ ಒಂದೊಂದು ರಸೀದಿಯೂ ದಿನಾಂಕದ ಕ್ರಮದಲ್ಲಿತ್ತು. ಎಣ್ಣೆ ಬದಲಿಸಿದ್ದು, ಗೇರ್‌ಬಾಕ್ಸಿನ ದ್ರವ ಬದಲಿಸಿದ್ದು, 91,000 ಮೈಲಿಗೆ ಬೆಲ್ಟ್ ಮತ್ತು ನೀರಿನ ಪಂಪು ಹಾಕಿಸಿದ್ದು, ಎಲ್ಲವೂ. ಅಂಚಿನಲ್ಲಿ ಆ ಹಿರಿಯರ ಕೈಬರಹದ ಟಿಪ್ಪಣಿಗಳೂ ಇದ್ದವು. ಅದೇ ಮೆಕ್ಯಾನಿಕ್ಕು ನೋಡಿ, ಈ ಸಲ ಚೀಟಿ ಬರೆಯದೆ ಕೈಯೆತ್ತಿ ಸಮ್ಮತಿ ಸೂಚಿಸಿದ. 5,200 ಡಾಲರಿಗೆ ಮಾತು ಮುಗಿಯಿತು. ಹೆರಿಗೆಯ ಹಣಕ್ಕೆ ಕೈಹಚ್ಚಲಿಲ್ಲ.

ಇಂಥ ಕಾರು ಎಲ್ಲಿಯವರೆಗೆ ಓಡಬಲ್ಲದೆಂಬುದಕ್ಕೆ ಮುಂದೆ ಒಂದು ನಿದರ್ಶನವೂ ದೊರೆಯಿತು. 1996ರ ಎಲ್‌ಎಸ್ 400 ಒಂದನ್ನು ಅಮೆರಿಕದ ಮೋಟಾರು ಪತ್ರಕರ್ತರೊಬ್ಬರು ಸುಮಾರು ಒಂಬತ್ತು ಲಕ್ಷ ಮೈಲಿ ಓಡಿದ್ದಾಗ 2014ರಲ್ಲಿ ಕೊಂಡರು. ತಾವೂ ಓಡಿಸಿ, ಗೆಳೆಯರಿಗೂ ಎರವಲು ಕೊಟ್ಟು, 2019ರಲ್ಲಿ ಅದನ್ನು ಹತ್ತು ಲಕ್ಷ ಮೈಲಿ ದಾಟಿಸಿದರು. ಹದಿನಾರು ಲಕ್ಷ ಕಿಲೋಮೀಟರ್! ಎಂಜಿನ್ನೂ ಗೇರ್‌ಬಾಕ್ಸೂ ಮೊದಲಿನವೇ ಎಂದು ವರದಿಯಾಗಿತ್ತು. ಅಷ್ಟು ದೂರದಲ್ಲಿ ಅದರ ಟೈಮಿಂಗ್ ಬೆಲ್ಟ್ ಎಷ್ಟು ಸಲ ಬದಲಾಗಿರಬೇಕು ಎಂಬ ಲೆಕ್ಕವನ್ನು ವಾಚಕರೇ ಹಾಕಬಹುದು.

ನಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ದೊಡ್ಡ ಕಾರೆಂದರೆ ಕಾಂಟೆಸ್ಸಾ. ಅದರ ತಯಾರಿಕೆ 2002ರಲ್ಲಿ ನಿಂತಿತು. ಲೆಕ್ಸಸ್ ಭಾರತಕ್ಕೆ ಬಂದದ್ದು 2017ರಲ್ಲಿ. 2020ರಿಂದ ಅದರ ಇಎಸ್ ಮಾದರಿಯ ಕಾರನ್ನು ನಮ್ಮ ಬಿಡದಿಯಲ್ಲಿಯೇ ಜೋಡಿಸತೊಡಗಿದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಈಚೆಗೆ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಏಳೆಂಟು ವರ್ಷ ಹಳೆಯದಾದ ವಿದೇಶಿ ಹೆಸರಿನ ದೊಡ್ಡ ಕಾರುಗಳು ಹೊಸ ಚಿಕ್ಕ ಕಾರಿನ ಬೆಲೆಗೆ ಸಿಗುತ್ತಿವೆ, ಮದುವೆಯ ಮನೆಗಳಲ್ಲಿ ಅವನ್ನು ಕೊಳ್ಳುವ ಮಾತೂ ಕೇಳಿಬರುತ್ತಿದೆ. ಕಾರಿನ ಬೆಲೆ ಇಳಿದಿರುತ್ತದೆ, ಅದರ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಕೊಳ್ಳುವವರು ಸರ್ವಿಸಿನ ದಾಖಲೆಯನ್ನು ಕಂಪನಿಯ ಗ್ಯಾರೇಜಿನಿಂದಲೇ ತರಿಸಿ ನೋಡಲಿ, ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿಗೆ ಒಮ್ಮೆ ತೋರಿಸಲಿ. ಸಂಕೋಚಕ್ಕೆ ಬಿದ್ದು ಇದನ್ನು ಬಿಟ್ಟವರ ಫಜೀತಿಯನ್ನು ನಾವು ಈಚೆಗೂ ಕಂಡಿದ್ದೇವೆ.

ಆ ವರ್ಷದ ಅಕ್ಟೋಬರಿನಲ್ಲಿ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದದ್ದು ಆ ಮಾಸಿದ ಕಾರಿನಲ್ಲಿಯೇ. 2013ರಲ್ಲಿ ಅಣ್ಣ ಮೊಮ್ಮಗಳನ್ನು ನೋಡಲು ಡಲ್ಲಾಸಿಗೆ ಹೋದಾಗ ಮಗ ಅವನಿಗೆ ಕಾರಿನ ಕಡತವನ್ನು ತೋರಿಸಿದನಂತೆ. ಹಿಂದಿನ ಒಡೆಯರ ಹಳೆಯ ರಸೀದಿಗಳಂತೆ ಮಗನವೂ ಅದರಲ್ಲಿ ಕ್ರಮವಾಗಿ ಸೇರಿದ್ದವು. ಅಣ್ಣನಿಗೆ ಇಂಗ್ಲಿಷು ಬಾರದು. ಅಂಚಿನ ಕೈಬರಹದ ಮೇಲೆ ಬೆರಳಿಟ್ಟು, “ಇದನ್ನ ಬರದವರ ಮನಿ ದೂರ ಐತೇನು?” ಎಂದು ಕೇಳಿದ. ಆ ಭಾನುವಾರ ಊರಿನಿಂದ ತಂದಿದ್ದ ಗೋಕಾಕ ಕರದಂಟಿನ ಪೊಟ್ಟಣ ಹಿಡಿದು ಮನೆಮಂದಿಯೆಲ್ಲ ಅದೇ ಕಾರಿನಲ್ಲಿ ಆ ಶಿಕ್ಷಕಿಯ ಮನೆಗೆ ಹೋಗಿಬಂದರು.