ನಿಮಗಿದು ಗೊತ್ತೆ? ಮಳೆ ಬಂದಾಗಷ್ಟೇ ಕಾಣುವ ಅಕ್ಕ-ತಂಗಿ

ಮಳೆಯನ್ನೇ ನೆಚ್ಚಿಕೊಂಡಿರುವ ಬಯಲುಸೀಮೆಯ ಊರು ಬಾದಾಮಿ. ಅಲ್ಲೂ ಒಂದು ಜಲಪಾತವಿದೆ! ಜೋರು ಮಳೆ ಬಿದ್ದರೆ ಅಗಸ್ತ್ಯತೀರ್ಥವೆಂಬ ಕೆರೆಯ ಮೇಲಿನ ಕೆಂಪು ಮರಳುಗಲ್ಲಿನ ಬಂಡೆಯಿಂದ ಅಕ್ಕಪಕ್ಕದಲ್ಲೇ ಎರಡು ಧಾರೆಗಳು ಧುಮುಕುತ್ತವೆ. ಜನ ಇವನ್ನು ಪ್ರೀತಿಯಿಂದ ಕರೆಯುವುದು ಅಕ್ಕ-ತಂಗಿ ಎಂದು. ನೀರು ಸೇರುವುದು ಕೆಳಗಿನ ಅದೇ ಕೆರೆಗೆ.

ಸುತ್ತಲಿನ ಬಂಡೆಗಳೇ ಇತಿಹಾಸದ ಪುಟಗಳು. ಒಂದರ ಮೇಲೆ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಕ್ರಿ.ಶ. 543ರ ಶಾಸನವಿದೆ. ಇನ್ನೊಂದರ ಮೇಲಿರುವುದು ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ ಉಳಿಸಿಕೊಟ್ಟ ಕಪ್ಪೆ ಅರಭಟ್ಟನ ಶಾಸನ. ಕನ್ನಡಿಗರು ಒಮ್ಮೆಯಾದರೂ ಅದರೆದುರು ನಿಲ್ಲಬೇಕು.

ಜಲಪಾತ ನೋಡಬೇಕೆಂದರೆ ಮಳೆ ಸುರಿದ ಬೆನ್ನಿಗೇ ಹೊರಡಿ. ತಡವಾದರೆ ಕಾಣುವುದು ನೀರಿಳಿದ ಕಪ್ಪು ಗುರುತು ಮಾತ್ರ.