ವಿಚಾರಣೆ ಆರು ಕಡೆ, ಅರ್ಜಿ ಎರಡೇ ಕಡೆ

ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಂಡ ದಿನದಿಂದಲೇ ಗಡುವು ಓಡತೊಡಗುತ್ತದೆ. ಉಳಿದ ಹಣ ಹೊಂದಿಸಿ ನೋಂದಣಿ ಮುಗಿಸಲು ಸಿಗುವುದು ಹೆಚ್ಚೆಂದರೆ ಕೆಲವು ತಿಂಗಳು. ನಂಬಿದ ಒಂದೇ ಬ್ಯಾಂಕು ಕೊನೆಗಳಿಗೆಯಲ್ಲಿ ಕೈಯೆತ್ತಿದರೆ ಮುಂಗಡಕ್ಕೇ ಕುತ್ತು. ಆದ್ದರಿಂದ ಗೃಹಸಾಲಕ್ಕೆ ಎರಡು ಕಡೆ ಅರ್ಜಿ ಹಾಕಲು ಯಾರೂ ಅಳುಕಬೇಕಿಲ್ಲ. ಒಂದೇ ಆಸ್ತಿಯ ಮೇಲೆ ಮುಚ್ಚಿಟ್ಟು ಇಬ್ಬರಿಂದ ಹಣ ಪಡೆಯುವುದು ವಂಚನೆ. ಇಬ್ಬರನ್ನು ಕೇಳುವುದು ಗ್ರಾಹಕನ ಹಕ್ಕು.

ಆದರೆ ವಿಚಾರಿಸುವುದು ಬೇರೆ, ಅರ್ಜಿ ಹಾಕುವುದು ಬೇರೆ. ಬಡ್ಡಿ, ಶುಲ್ಕಗಳನ್ನು ಆರು ಕಡೆ ಕೇಳಿದರೂ ನಷ್ಟವಿಲ್ಲ. ಪ್ಯಾನ್ ಸಂಖ್ಯೆ ಬರೆದು ಅರ್ಜಿಗೆ ಸಹಿ ಹಾಕಿದರೆ ಮಾತ್ರ ಸಾಲದಾತರು ಸಿಬಿಲ್‌ನಂಥ ಸಾಲ ಮಾಹಿತಿ ಸಂಸ್ಥೆಯಿಂದ ನಿಮ್ಮ ವರದಿ ತರಿಸುತ್ತಾರೆ, ಅದು ದಾಖಲಾಗುತ್ತದೆ. ಒಂದೆರಡು ದಾಖಲೆಯಿಂದ ಕ್ರೆಡಿಟ್ ಅಂಕ ಇಳಿಯುವುದು ಅಲ್ಪ. ಕೆಲವೇ ವಾರಗಳಲ್ಲಿ ಐದಾರು ಕಂಡರೆ ‘ಉಳಿದವರು ಯಾಕೆ ಕೊಡಲಿಲ್ಲ’ ಎಂಬ ಅನುಮಾನ ಹುಟ್ಟುತ್ತದೆ. ಕೆಲವು ವಾರಗಳೊಳಗಿನ ಗೃಹಸಾಲದ ಇಂಥ ದಾಖಲೆಗಳನ್ನೆಲ್ಲ ಒಂದಾಗಿಯೇ ಎಣಿಸುವ ಪದ್ಧತಿ ಅಮೆರಿಕದಲ್ಲಿದೆ; ಇಲ್ಲಿ ಅದನ್ನು ನಂಬಿ ಕೂರಬೇಡಿ. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ. ದೇಶದ ಇಂಥ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಕೊಡಬೇಕು.

ಹೆಚ್ಚಿನ ಎಚ್ಚರ ಬೇಕಾದ್ದು ಏಜೆಂಟರ ಬಳಿ. ‘ಎಲ್ಲ ಬ್ಯಾಂಕಿಗೂ ಒಂದೇ ಸಲ ಹಾಕಿಬಿಡೋಣ ಸರ್’ ಎಂದರೆ ಒಪ್ಪಬೇಡಿ. ಯಾವ ಬ್ಯಾಂಕಿಗೆ ಎಂದು ನಮೂದಿಸದ ಖಾಲಿ ಅರ್ಜಿಗೆ ಸಹಿ ಹಾಕಲೇಬೇಡಿ.

ಹೋಲಿಕೆಗೆ ಒಂದು ಒಳ್ಳೆಯ ಸಾಧನವಿದೆ. 2024ರ ಅಕ್ಟೋಬರ್ 1ರಿಂದ ಸಾಲದಾತರು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಅದರಲ್ಲಿ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಇರುತ್ತದೆ. ಕನಿಷ್ಠ ಮೂರು ಕೆಲಸದ ದಿನ ಆ ಷರತ್ತುಗಳಿಗೆ ಅವರು ಬದ್ಧರು. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 50 ಲಕ್ಷ ರೂಪಾಯಿ, 20 ವರ್ಷದ ಸಾಲದಲ್ಲಿ ಬಡ್ಡಿ ಶೇ 8.5ರ ಬದಲು 8.25 ಆದರೆ ಕಂತು ಸುಮಾರು 790 ರೂಪಾಯಿ ಕಡಿಮೆ. ದರ ಬದಲಾಗದಿದ್ದರೆ 240 ಕಂತಿಗೆ 1.89 ಲಕ್ಷ ಉಳಿತಾಯ. ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದ ಹೊಸ ಫ್ಲೋಟಿಂಗ್ ಗೃಹಸಾಲವನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ನಿಯಮವಿಲ್ಲ. ಇವತ್ತಿನ ದರ ಒಂದೇ ಇದ್ದರೂ ನಾಳೆ ಇಳಿಯುವ ರೀತಿ ಬೇರೆ.

ನಮ್ಮ ರಾಜ್ಯದಲ್ಲಿ ಎರಡನೇ ಅರ್ಜಿಯ ನಿಜವಾದ ಬೆಲೆ ತಿಳಿಯುವುದು ಕಾಗದಪತ್ರದಲ್ಲಿ. ಮೂಲಪತ್ರ, ಋಣಭಾರ ಪತ್ರ, ಖಾತಾ, ತೆರಿಗೆ ರಸೀದಿಗಳನ್ನು ಪ್ರತಿ ಬ್ಯಾಂಕಿನ ವಕೀಲರೂ ತಾವೇ ಹೊಸದಾಗಿ ಪರಿಶೀಲಿಸುತ್ತಾರೆ. ಬಿ ಖಾತಾ ಎಂದು ಒಬ್ಬರು ತಳ್ಳಿದ್ದನ್ನು ಇನ್ನೊಬ್ಬರು ಹೆಚ್ಚು ಬಡ್ಡಿಗೆ ಒಪ್ಪಬಹುದು. ಆದರೆ ಹಕ್ಕುಪತ್ರದ ಕೊಂಡಿಯೇ ಕಡಿದಿದೆ ಎಂದು ಒಬ್ಬ ವಕೀಲರು ಹೇಳಿದರೆ, ಅದನ್ನು ಕಡೆಗಣಿಸಿ ಇನ್ನೊಂದು ಬ್ಯಾಂಕಿಗೆ ಓಡಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ ಮೊದಲು ಸರಿಪಡಿಸಿಕೊಳ್ಳಿ. ಬೆಲೆ ಕಟ್ಟುವವರ ಅಂದಾಜೂ ಬೇರೆಬೇರೆ. ರಿಸರ್ವ್ ಬ್ಯಾಂಕಿನ ಮಿತಿಯಂತೆ 30 ಲಕ್ಷದವರೆಗಿನ ಸಾಲ ಆಸ್ತಿ ಮೌಲ್ಯದ ಶೇ 90, 75 ಲಕ್ಷದವರೆಗೆ ಶೇ 80, ಅದರಾಚೆ ಶೇ 75 ಮೀರುವಂತಿಲ್ಲ. ಅಂದಾಜು ಕುಸಿದರೆ ಕೈಯಿಂದ ಹಾಕಬೇಕಾದ ಹಣ ಏರುತ್ತದೆ.

ಇಬ್ಬರಿಗೂ ಕೊಡಬೇಕಾದ್ದು ಜೆರಾಕ್ಸ್ ಪ್ರತಿ ಮಾತ್ರ. ಅಸಲು ಪತ್ರಗಳು ಹೋಗುವುದು ಸಾಲ ಪಡೆಯುವ ಕಡೆಗಷ್ಟೇ. ಅರ್ಜಿಯ ಜೊತೆಗಿನ ಸಣ್ಣ ಲಾಗಿನ್ ಶುಲ್ಕ ಸಾಮಾನ್ಯವಾಗಿ ವಾಪಸಾಗದು. ಪೂರ್ತಿ ಪ್ರೊಸೆಸಿಂಗ್ ಶುಲ್ಕವನ್ನು ಮಂಜೂರಾತಿ ಪತ್ರ ಓದಿದ ಮೇಲೆ ಕಟ್ಟಲು ಅವಕಾಶ ಕೇಳಿ.

ಒಬ್ಬರನ್ನು ಆರಿಸಿದ ಮೇಲೆ ಇನ್ನೊಬ್ಬರಿಗೆ ಇಮೇಲ್ ಬರೆದು ಅರ್ಜಿ ಹಿಂಪಡೆಯಿರಿ. ಕಟ್ಟಿದ ಶುಲ್ಕದಲ್ಲಿ ಎಷ್ಟು ಮರಳುತ್ತದೆ ಎಂಬುದನ್ನೂ ಅದರಲ್ಲೇ ಕೇಳಿ.