ಸಂಶೋಧನಾ ಲೇಖನ ಪ್ರಕಟಿಸುವ ಮುನ್ನ: ನಮ್ಮ ವಿದ್ಯಾರ್ಥಿಗಳಿಗೆ ಕೆಲವು ಕಿವಿಮಾತುಗಳು

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಪಿಎಚ್‌ಡಿ ಮಾಡುತ್ತಿರುವ ಯುವಕ ಯುವತಿಯರು, ಸಂಶೋಧನೆಯಲ್ಲಿ ತೊಡಗಿರುವ ಧರ್ಮಗುರುಗಳು ಹಾಗೂ ಧರ್ಮಭಗಿನಿಯರು ಅನೇಕರಿದ್ದಾರೆ. ಇದು ಸಂತೋಷದ ವಿಷಯ. ಆದರೆ ಬರೆದ ಲೇಖನವನ್ನು ಎಲ್ಲಿಗೆ ಕಳುಹಿಸಬೇಕು, ಯಾರನ್ನು ನಂಬಬೇಕು ಎಂದು ಹೇಳಿಕೊಡುವವರು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡು ಹಣ ಕೀಳುವ ನಕಲಿ ಜರ್ನಲ್‌ಗಳು ಹುಟ್ಟಿಕೊಂಡಿವೆ. ಹಣ ಹೋಗುವುದಷ್ಟೇ ಅಲ್ಲ, ಹಲವು ವರ್ಷಗಳ ಶ್ರಮವೂ ಬೆಲೆ ಕಳೆದುಕೊಳ್ಳುತ್ತದೆ. ಆದುದರಿಂದ ಈ ವಿಷಯವನ್ನು ಸರಳವಾಗಿ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ನಿಜವಾದ ಜರ್ನಲ್ ಹೇಗೆ ಕೆಲಸ ಮಾಡುತ್ತದೆ?

ಲೇಖನ ತಲುಪಿದ ಮೇಲೆ ಸಂಪಾದಕರು ಮೊದಲು ಓದುತ್ತಾರೆ. ಯೋಗ್ಯವೆನಿಸಿದರೆ ಅದೇ ವಿಷಯದ ತಜ್ಞರಿಗೆ, ಸಾಮಾನ್ಯವಾಗಿ ಇಬ್ಬರಿಗೆ, ಪರಿಶೀಲನೆಗೆ ಕಳುಹಿಸುತ್ತಾರೆ. ಅವರು ತಪ್ಪುಗಳನ್ನು ಎತ್ತಿ ತೋರಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ. ಲೇಖಕರು ತಿದ್ದಿ ಮತ್ತೆ ಕಳುಹಿಸಬೇಕು. ಇದಕ್ಕೆ ಹಲವು ತಿಂಗಳು ಹಿಡಿಯುತ್ತದೆ. ತಿರಸ್ಕಾರವೂ ಬರಬಹುದು. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ತಜ್ಞರ ಟಿಪ್ಪಣಿಗಳನ್ನು ಓದಿ, ತಿದ್ದಿ, ಇನ್ನೊಂದು ಜರ್ನಲ್‌ಗೆ ಕಳುಹಿಸಬಹುದು. ಆದರೆ ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆಗೆ ಕಳುಹಿಸಬಾರದು.

ನಕಲಿಯನ್ನು ಗುರುತಿಸುವುದು ಹೇಗೆ?

ನಕಲಿ ಜರ್ನಲ್ ತಾನಾಗಿಯೇ ಇಮೇಲ್ ಕಳುಹಿಸುತ್ತದೆ. ವಿದ್ಯಾರ್ಥಿಯನ್ನೂ ಪ್ರೊಫೆಸರ್ ಎಂದು ಕರೆದು ಹೊಗಳುತ್ತದೆ. ಮೂರು ದಿನದಲ್ಲಿ ಒಪ್ಪಿಗೆ, ವಾರದಲ್ಲಿ ಪ್ರಕಟಣೆ ಎನ್ನುತ್ತದೆ. ಇತಿಹಾಸ, ಔಷಧ ವಿಜ್ಞಾನ, ವಾಣಿಜ್ಯ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ಅಚ್ಚು ಮಾಡುತ್ತದೆ. ಹಣದ ಮಾತು ಬರುವುದು ಒಪ್ಪಿಗೆ ಪತ್ರ ಕೈಗೆ ಸಿಕ್ಕ ನಂತರ. ಲೇಖನ ಹಿಂಪಡೆಯುತ್ತೇನೆ ಎಂದರೆ ಅದಕ್ಕೂ ಹಣ ಕೇಳುವವರಿದ್ದಾರೆ.

2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು ಬೇಕೆಂದೇ ದೊಡ್ಡ ತಪ್ಪುಗಳನ್ನಿಟ್ಟು ಬರೆದ ಒಂದು ಸುಳ್ಳು ಲೇಖನವನ್ನು 304 ಜರ್ನಲ್‌ಗಳಿಗೆ ಕಳುಹಿಸಿದರು. 157 ಜರ್ನಲ್‌ಗಳು ಅದನ್ನು ಒಪ್ಪಿಕೊಂಡವು. ತಿರಸ್ಕರಿಸಿದ್ದು 98 ಮಾತ್ರ. ಈ ವಿವರ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಐಎಸ್‌ಎಸ್‌ಎನ್ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಜರ್ನಲ್ ಒಳ್ಳೆಯದೆಂದು ತಿಳಿಯಬಾರದು. ಅದು ಗುರುತಿನ ಸಂಖ್ಯೆ ಅಷ್ಟೇ, ಗುಣಮಟ್ಟದ ಪ್ರಮಾಣಪತ್ರ ಅಲ್ಲ. ಹಾಗೆಯೇ, ಹಣ ಕೇಳುವ ಜರ್ನಲ್‌ಗಳೆಲ್ಲ ಮೋಸದವೂ ಅಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಕೊಡುವ ಕೆಲವು ಉತ್ತಮ ಜರ್ನಲ್‌ಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ, ಆದರೆ ಅದನ್ನು ಮೊದಲೇ ತಿಳಿಸುತ್ತವೆ. ಅಂತಹ ಮುಕ್ತ ಜರ್ನಲ್‌ಗಳ ಪಟ್ಟಿಯನ್ನು 2003ರಲ್ಲಿ ಆರಂಭವಾದ ಡಿಒಎಜೆ ಎಂಬ ಜಾಲತಾಣದಲ್ಲಿ ನೋಡಬಹುದು. ಶುಲ್ಕವೇ ಇಲ್ಲದ ಜರ್ನಲ್‌ಗಳೂ ಅಲ್ಲಿವೆ.

ಯುಜಿಸಿ ನಿಯಮಗಳು

ಯುಜಿಸಿಯ 'ಕೇರ್' ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವುದು ಕೆಲವು ವರ್ಷ ರೂಢಿಯಲ್ಲಿತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನು ಕೈಬಿಟ್ಟಿದೆ. ಈಗ ಜರ್ನಲ್ ಆರಿಸುವ ಹೊಣೆ ಸಂಶೋಧಕರ ಮತ್ತು ಅವರ ಸಂಸ್ಥೆಯ ಮೇಲಿದೆ. ಆದುದರಿಂದ 'ಯುಜಿಸಿ ಕೇರ್ ಮಾನ್ಯತೆ ಪಡೆದ ಜರ್ನಲ್' ಎಂಬ ಜಾಹೀರಾತನ್ನು ಇಂದು ಕಂಡರೆ ಎಚ್ಚರ ವಹಿಸಿ. ಇನ್ನೊಂದು ಮಾತು: ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ತೆಗೆದಿದೆ. ವಿಶ್ವವಿದ್ಯಾನಿಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು. ಗಾಬರಿಯಿಂದ ಹಣ ಕಟ್ಟುವ ಮೊದಲು ನಿಮ್ಮ ಗೈಡ್ ಬಳಿ ವಿಚಾರಿಸಿ.

ಕೃತಿಚೌರ್ಯದ ಬಗ್ಗೆ

2018ರ ಯುಜಿಸಿ ನಿಯಮದ ಪ್ರಕಾರ ಪ್ರಬಂಧದಲ್ಲಿ ಇತರರ ಬರಹದೊಡನೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. ಶೇ. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಮೂಲವನ್ನು ಸರಿಯಾಗಿ ಸೂಚಿಸಿ ಉದ್ಧರಿಸಿದ ಮಾತುಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಕಂಪ್ಯೂಟರ್ ಕೊಡುವ ಅಂಕಿ ಕಡಿಮೆ ಮಾಡುವುದೇ ಗುರಿಯಾಗಬಾರದು. ಪದಗಳನ್ನು ಬದಲಿಸಿ ಇನ್ನೊಬ್ಬರ ವಿಚಾರವನ್ನು ತನ್ನದೆಂದು ಹೇಳಿದರೂ ಅದು ಕಳವೇ. ದಶಾಜ್ಞೆಗಳಲ್ಲಿ ಏಳನೆಯದು ಕಳ್ಳತನಕ್ಕೂ ಎಂಟನೆಯದು ಸುಳ್ಳು ಸಾಕ್ಷಿಗೂ ಸಂಬಂಧಿಸಿದ್ದು ಎಂದು ನಾವು ಧರ್ಮೋಪದೇಶ ತರಗತಿಯಲ್ಲಿ ಕಲಿತಿದ್ದೇವೆ. ಪ್ರಬಂಧದ ಪುಟಗಳಿಗೂ ಅವು ಅನ್ವಯಿಸುತ್ತವೆ. ಉದಾಹರಣೆಗೆ, 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಆರಂಭಿಸಿದ 'ಮಂಗಳೂರ ಸಮಾಚಾರ'ದ ಬಗ್ಗೆ ಬೇರೊಬ್ಬರ ಪುಸ್ತಕದಲ್ಲಿ ಓದಿದ್ದರೆ ಆ ಪುಸ್ತಕವನ್ನೇ ಹೆಸರಿಸಬೇಕು. ಮೂಲ ಸಂಚಿಕೆಯನ್ನು ತಾವೇ ನೋಡಿದಂತೆ ಅಡಿಟಿಪ್ಪಣಿ ಹಾಕುವುದು ಸರಿಯಲ್ಲ.

ಚಾಟ್‌ಜಿಪಿಟಿಯಂತಹ ಸಾಧನಗಳು ಇಲ್ಲದ ಪುಸ್ತಕ, ಇಲ್ಲದ ಲೇಖನಗಳ ಹೆಸರನ್ನು ಇದ್ದಂತೆಯೇ ಬರೆದುಕೊಡುವುದುಂಟು. ತೆರೆದು ಓದದ ಯಾವ ಗ್ರಂಥವನ್ನೂ ಆಧಾರವಾಗಿ ಕೊಡಬೇಡಿ. ಬರಹಕ್ಕೆ ಯಂತ್ರದ ನೆರವು ಪಡೆದಿದ್ದರೆ ಜರ್ನಲ್‌ನ ನಿಯಮದಂತೆ ಅದನ್ನು ತಿಳಿಸಿ.

ಧರ್ಮಕೇಂದ್ರಗಳು ಏನು ಮಾಡಬಹುದು?

ನಮ್ಮ ಚರ್ಚ್‌ಗಳಲ್ಲಿರುವ ಜ್ಞಾನಸ್ನಾನ, ವಿವಾಹ ಮತ್ತು ಮರಣದ ದಾಖಲೆ ಪುಸ್ತಕಗಳು ಕರಾವಳಿಯ ಇತಿಹಾಸಕ್ಕೆ ಅಮೂಲ್ಯ ಆಧಾರ. ಸಂಶೋಧಕರು ಧರ್ಮಗುರುಗಳ ಲಿಖಿತ ಅನುಮತಿ ಪಡೆದು ಅವನ್ನು ನೋಡಬೇಕು. ಬದುಕಿರುವವರ ಹಾಗೂ ಅವರ ಕುಟುಂಬದ ಖಾಸಗಿ ವಿವರಗಳನ್ನು ಪ್ರಕಟಿಸಬಾರದು. ಕೆಲಸ ಮುಗಿದ ಮೇಲೆ ಪ್ರಬಂಧದ ಒಂದು ಪ್ರತಿಯನ್ನು ಆ ಚರ್ಚ್‌ಗೆ ಕೊಟ್ಟರೆ ಮುಂದಿನವರಿಗೆ ಉಪಯೋಗ.

ಜುಬಿಲಿ ಸ್ಮರಣ ಸಂಚಿಕೆ ಸಿದ್ಧಪಡಿಸುವವರಿಗೂ ಒಂದು ವಿನಂತಿ. ಚರ್ಚ್ ಕಟ್ಟಿದ ವರ್ಷ, ಭೂಮಿ ಕೊಟ್ಟವರ ಹೆಸರು ಬರೆಯುವಾಗ ಅದು ಯಾವ ದಾಖಲೆಯಲ್ಲಿದೆ, ಅಥವಾ ಯಾವ ಹಿರಿಯರು ಹೇಳಿದ್ದು ಎಂದು ಕೆಳಗೆ ಒಂದು ಸಾಲು ಸೇರಿಸಿ. ನಾಳೆ ಯಾರಾದರೂ ಈ ಊರಿನ ಇತಿಹಾಸ ಬರೆಯಲು ಕುಳಿತಾಗ ಅವರು ಮೊದಲು ತೆರೆಯುವುದು ನಿಮ್ಮ ಸಂಚಿಕೆಯನ್ನೇ.

ವಾಳೆಯಲ್ಲಿ ಸಂಶೋಧನೆ ಮಾಡುತ್ತಿರುವವರಿದ್ದರೆ ಗುರಿಕಾರರು ಈ ಮಾಹಿತಿಯನ್ನು ಅವರಿಗೆ ತಲುಪಿಸಬಹುದು. ಕಾಲೇಜಿನಲ್ಲಿ ಕಲಿಸುವ, ಲೇಖನ ಪ್ರಕಟಿಸಿದ ಅನುಭವವಿರುವ ಹಿರಿಯರು ಪ್ರತಿ ಧರ್ಮಕೇಂದ್ರದಲ್ಲೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಹಣ ಕಟ್ಟುವ ಮೊದಲು ಅವರಲ್ಲಿ ಒಂದು ಮಾತು ಕೇಳುವ ವ್ಯವಸ್ಥೆಯನ್ನು ಯುವಜನ ಸಂಘಟನೆಗಳು ಮಾಡಿದರೆ ಹಲವು ಕುಟುಂಬಗಳಿಗೆ ಉಪಕಾರವಾಗುವುದು.